ಕೇರಿ ಕೇರಿಯ ನಡುವಿನ ಅಂತರವನ್ನು ವಾರ್ಡ್ ಸಭೆಯ ಮುಂದಿಡುವುದು ಹೇಗೆ

1949ರ ನವೆಂಬರ್ 25ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಮುಂದಿನ ಜನವರಿ 26ರಿಂದ ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆಯಿದ್ದರೂ ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆಯೇ ಇರುತ್ತದೆ ಎಂದು ಎಚ್ಚರಿಸಿದ್ದರು. ಆ ವೈರುಧ್ಯವನ್ನು ಕಾಣಲು ದೆಹಲಿಗೆ ಹೋಗಬೇಕಿಲ್ಲ. ಮತಗಟ್ಟೆಯ ಸಾಲಿನಲ್ಲಿ ಹಿಂದೆ ಮುಂದೆ ನಿಂತ ಇಬ್ಬರಲ್ಲಿ ಒಬ್ಬರ ಬೀದಿಗೆ ಎರಡು ಸಲ ಕಾಂಕ್ರೀಟ್ ಬಿದ್ದಿರುತ್ತದೆ, ಇನ್ನೊಬ್ಬರ ಕೇರಿಗೆ ಚರಂಡಿಯೇ ಇರುವುದಿಲ್ಲ. ಕರ್ನಾಟಕದ ಯಾವುದೇ ಹಳ್ಳಿಯಲ್ಲಿದ್ದು ಈ ಅಂತರವನ್ನು ಅಳೆದು, ದಾಖಲೆಗೆ ತಂದು, ಹಣ ಹಂಚುವ ಸಭೆಯ ಮುಂದಿಡಬಯಸುವವರಿಗಾಗಿ ಇದನ್ನು ಬರೆದಿದ್ದೇನೆ.

ಕೆಲಸಕ್ಕೆ ಇಳಿಯುವ ಮುನ್ನ ಕಾರಣವನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. ಕಾನೂನು ಇಲ್ಲದ್ದರಿಂದ ಅಸಮಾನತೆ ಉಳಿದಿದೆ ಎಂಬುದು ಅರ್ಧ ಸತ್ಯ ಮಾತ್ರ. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯುವ ವ್ಯವಸ್ಥೆಯಾಯಿತು. ಕರಾವಳಿ ಮತ್ತು ಮಲೆನಾಡಿನಲ್ಲಿ ಬಹಳಷ್ಟು ಗೇಣಿದಾರರು ಹೀಗೆಯೇ ಭೂಮಿಯ ಒಡೆಯರಾದರು. ಆದರೆ ಬಾಯಿಮಾತಿನ ಗೇಣಿಯವರಿಗೆ ಪಹಣಿಯಲ್ಲಿ ಹೆಸರಿರಲಿಲ್ಲ, ಧಣಿಯ ಮುಲಾಜಿಗೆ ಬಿದ್ದವರು ಅರ್ಜಿಯನ್ನೇ ಹಾಕಲಿಲ್ಲ, ಗೇಣಿಯೂ ಇಲ್ಲದ ಕೃಷಿ ಕೂಲಿಗಳಿಗೆ ದಕ್ಕಿದ್ದು ಅಲ್ಪ. ಪರಿಹಾರ ಬಂದಿತ್ತು, ಆದರೆ ಅರ್ಜಿ ಬರೆಯಬಲ್ಲವರ ಮನೆಗೇ ಮೊದಲು ಹೋಯಿತು. ಇಂದಿನ ಮನೆ, ನಿವೇಶನ, ನಲ್ಲಿಗಳ ಹಂಚಿಕೆಯೂ ಬಹುಪಾಲು ಇದೇ ದಾರಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಅಳತೆಯ ಕೆಲಸ. ಸರಾಸರಿಯನ್ನು ನಂಬಬಾರದು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75.36 ಆಗಿತ್ತು, ಅದೇ ಗಣತಿಯಲ್ಲಿ ದಕ್ಷಿಣ ಕನ್ನಡ ಶೇ 88.57ರಲ್ಲಿಯೂ ಯಾದಗಿರಿ ಶೇ 51.83ರಲ್ಲಿಯೂ ಇದ್ದವು. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಜಿಲ್ಲೆಯ ಬದಲು ತಾಲ್ಲೂಕನ್ನೇ ಅಳತೆಯ ಘಟಕ ಮಾಡಿಕೊಂಡದ್ದರಿಂದಲೇ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂಬುದು ಬೆಳಕಿಗೆ ಬಂತು. ಹಳ್ಳಿಯಲ್ಲಿಯೂ ಹಾಗೆಯೇ ಕೇರಿವಾರು ಎಣಿಸಬೇಕು. ನೀರು, ಚರಂಡಿ, ಬೀದಿದೀಪ, ಅಂಗನವಾಡಿಗೆ ಇರುವ ದೂರ, ಕಳೆದ ಮೂರು ವರ್ಷಗಳಲ್ಲಿ ಮಂಜೂರಾದ ಮನೆಗಳು, ಇಷ್ಟು ಸಾಕು; ಹೆಚ್ಚು ಎಣಿಸಹೊರಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ನೀರನ್ನು ಅಳೆಯಲು ನೀರುಗಂಟಿ ವಾಲ್ವ್ ತಿರುಗಿಸುವ ಹೊತ್ತಿಗೇ ಹೋಗಬೇಕು. ಎಲ್ಲ ಮನೆಗೂ ನಲ್ಲಿ ಇದೆ ಎಂದು ಕಡತದಲ್ಲಿ ಬರೆದಿದ್ದ ಒಂದು ಊರಿನಲ್ಲಿ, ಟ್ಯಾಂಕಿನ ಬುಡದ ಬೀದಿಯಲ್ಲಿ ಕೊಡ ತುಂಬಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಕೊನೆಯ ಕೇರಿಯ ಹೆಂಗಸರು ನಲ್ಲಿಯನ್ನೇ ಕಿತ್ತು, ಮೊಣಕಾಲುದ್ದದ ಗುಂಡಿ ತೋಡಿ, ನೆಲದೊಳಗಿನ ಪೈಪಿನ ಬಾಯಿಗೆ ತಂಬಿಗೆ ಹಿಡಿದು ಕೊಡಕ್ಕೆ ಸುರಿಯುತ್ತಿದ್ದರು. ಆ ಗುಂಡಿಯ ಫೋಟೊ ಮತ್ತು ಕೊಡ ತುಂಬಲು ಹಿಡಿದ ನಿಮಿಷಗಳ ಲೆಕ್ಕ ಸಭೆಯಲ್ಲಿ ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತವೆ.

ಇದರ ಜೊತೆಗೆ ಪಂಚಾಯಿತಿಯ ದಾಖಲೆಗಳು ಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿದಾಗ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ನಮೂನೆ ಎ ಅರ್ಜಿಯನ್ನು 10 ರೂಪಾಯಿ ಶುಲ್ಕದೊಂದಿಗೆ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ನಮ್ಮ ಕೇರಿಗೆ ಏಕೆ ಕೆಲಸ ಮಾಡಿಲ್ಲ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಕಡತದಲ್ಲಿ ಕಾಗದವಿರುವುದಿಲ್ಲ. ಕಳೆದ ಮೂರು ವರ್ಷಗಳ ಕ್ರಿಯಾಯೋಜನೆಯ ಪ್ರತಿ, ಕಾಮಗಾರಿವಾರು ಪಾವತಿಯ ವಿವರ ಕೊಡಿ ಎಂದು ಕೇಳಬೇಕು. 30 ದಿನಗಳಲ್ಲಿ ಮಾಹಿತಿ ಬಾರದಿದ್ದರೆ ಮೊದಲ ಮೇಲ್ಮನವಿಗೆ ದಾರಿಯಿದೆ.

ಪರಿಶಿಷ್ಟರ ಕೇರಿಯಾಗಿದ್ದರೆ ಇನ್ನೊಂದು ಅಂಶವನ್ನು ಪರಿಶೀಲಿಸಬೇಕು. ಕರ್ನಾಟಕದ 2013ರ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆಯು ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಹಣ ಮೀಸಲಿಡಬೇಕೆನ್ನುತ್ತದೆ. ಎಲ್ಲರೂ ಬಳಸುವ ಕಾಮಗಾರಿಯ ಒಂದು ಪಾಲನ್ನು ಪರಿಶಿಷ್ಟರಿಗೆ ಮಾಡಿದ ವೆಚ್ಚವೆಂದು ತೋರಿಸಲು ಅವಕಾಶ ಕೊಟ್ಟಿದ್ದ 7(ಡಿ) ಅಂಶವನ್ನು 2023ರಲ್ಲಿ ಕೈಬಿಡಲಾಯಿತು. ಕೇರಿಯ ಪಕ್ಕದಲ್ಲಿ ಹಾದುಹೋಗುವ ರಸ್ತೆ ಕೇರಿಯ ಲೆಕ್ಕಕ್ಕೆ ಬಿದ್ದಿದೆಯೇ ಎಂಬುದನ್ನು ಮಾತ್ರ ಸ್ಥಳಕ್ಕೇ ಹೋಗಿ ನೋಡಬೇಕು.

ಸಭೆಯ ವಿಷಯಕ್ಕೆ ಬರೋಣ. ಬಹಳ ಮಂದಿ ಗ್ರಾಮಸಭೆಯ ದಿನ ಮಾತನಾಡಲು ಸಿದ್ಧರಾಗುತ್ತಾರೆ, ಆದರೆ ಅಷ್ಟರಲ್ಲಿ ತಡವಾಗಿರುತ್ತದೆ. ನಮ್ಮ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಮೊದಲು ಆಯಾ ವಾರ್ಡಿನ ಮತದಾರರ ವಾರ್ಡ್ ಸಭೆ ನಡೆದು, ಅಲ್ಲಿನ ಬೇಡಿಕೆಗಳೂ ಫಲಾನುಭವಿಗಳ ಹೆಸರುಗಳೂ ಗ್ರಾಮಸಭೆಗೆ ಹೋಗಬೇಕು. ಆದ್ದರಿಂದ ವಾರ್ಡ್ ಸಭೆಯ ದಿನಾಂಕ ತಿಳಿದ ಕೂಡಲೇ, ಸಭೆಯನ್ನು ಕೂಲಿಗೆ ಹೋದವರು ಮರಳುವ ಹೊತ್ತಿನಲ್ಲಿ, ಸಾಧ್ಯವಾದರೆ ಹಿಂದುಳಿದ ಕೇರಿಯಲ್ಲಿಯೇ ನಡೆಸುವಂತೆ ಲಿಖಿತವಾಗಿ ಕೋರಬೇಕು. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಯಾರು ಬರುತ್ತಾರೆ, ಯಾರು ಬರಲಾರರು ಎಂಬುದು ಕರೆದವರಿಗೂ ಗೊತ್ತಿರುತ್ತದೆ.

ಬೇಡಿಕೆಯನ್ನು ಎರಡು ಪ್ರತಿಗಳಲ್ಲಿ ಬರೆದೊಯ್ದು, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಬೇಡಿಕೆ ಚಿಕ್ಕದಾಗಿ, ಸ್ಥಳ ಮತ್ತು ಅಳತೆಯೊಂದಿಗೆ ಇರಲಿ: ಇಂಥವರ ಮನೆಯಿಂದ ಇಂಥ ಹಳ್ಳದವರೆಗೆ ಇಷ್ಟು ಮೀಟರ್ ಚರಂಡಿ. ಹಾಜರಿ ಪುಸ್ತಕದ ಬಗ್ಗೆ ವಿಶೇಷ ಎಚ್ಚರ ಬೇಕು. ಸಭೆ ಮುಗಿದ ಮರುದಿನ ಪುಸ್ತಕ ಹಿಡಿದು ಮನೆ ಮನೆಗೆ ಬಂದು ಸಹಿ, ಹೆಬ್ಬೆಟ್ಟು ಪಡೆದು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಹಿ ಹಾಕಿದವರಿಗೆ ಯಾವ ಠರಾವಿಗೆ ಒಪ್ಪಿದೆವೆಂಬುದೂ ತಿಳಿದಿರಲಿಲ್ಲ. ನಡಾವಳಿಯನ್ನು ಸಭೆಯಲ್ಲಿಯೇ ಗಟ್ಟಿಯಾಗಿ ಓದಿಸಿ, ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಉಳಿಯದಂತೆ ಗೆರೆ ಎಳೆಸಿದ ಮೇಲೆಯೇ ಸಹಿ ಹಾಕಬೇಕು.

ಕೂಲಿಯ ದರ, ಜಮೀನಿನ ಒಡೆತನ, ಖಾಸಗಿ ಶಾಲೆಯ ಶುಲ್ಕ ಇವು ಪಂಚಾಯಿತಿಯ ಕೈಯಲ್ಲಿಲ್ಲ. ಅವುಗಳನ್ನು ಈ ಸಭೆಗೆ ತಂದರೆ ನೀರಿನ ಮಾತೂ ಅವುಗಳೊಡನೆ ಕಳೆದುಹೋಗುತ್ತದೆ. ನಡಾವಳಿಯ ಪ್ರತಿಯನ್ನು ಪಡೆದು ಠರಾವಿನ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ, ಆರು ತಿಂಗಳ ನಂತರದ ವಾರ್ಡ್ ಸಭೆಯಲ್ಲಿ ಹೊಸ ಬೇಡಿಕೆಗಿಂತ ಮೊದಲು ಆ ಸಂಖ್ಯೆಯನ್ನು ಹೇಳಿ, ಕೆಲಸ ಎಲ್ಲಿಗೆ ಬಂತೆಂದು ಕೇಳಬಹುದು.