ಕಾರ್ಡಿಫ್‌ಗೆ ಬಂದಿದ್ದೀರಾ? ಇದು ಇಂಗ್ಲೆಂಡ್ ಅಲ್ಲ

ಕಾರ್ಡಿಫ್‌ಗೆ ಹೊಸದಾಗಿ ಬಂದ ನಮ್ಮವರು ನನಗೆ ವಾಟ್ಸಾಪಿನಲ್ಲಿ ಮೊದಲು ಕಳಿಸುವ ಫೋಟೊ ಕೋಟೆಯದ್ದೂ ಅಲ್ಲ, ಸಮುದ್ರದ್ದೂ ಅಲ್ಲ. ಸಂಬಳದ ಚೀಟಿಯದ್ದು. "ಲಂಡನ್ನಿನಲ್ಲಿರೋ ಫ್ರೆಂಡಿಗೆ ಟ್ಯಾಕ್ಸ್ ಕೋಡ್ 1257ಎಲ್ ಅಂತಿದೆ, ನನ್ನದಕ್ಕೆ ಮುಂದೆ ಒಂದು ಸಿ ಅಂಟಿಸಿದ್ದಾರೆ, ಜಾಸ್ತಿ ಹಿಡ್ಕೊಳ್ತಿದ್ದಾರಾ?" ಇಲ್ಲ, ಗಾಬರಿ ಬೇಡ. ಆ ಸಿ ಅಂದರೆ ಕಮ್ರಿ. ವೇಲ್ಸ್‌ಗೆ ಇಲ್ಲಿನವರ ಭಾಷೆಯಲ್ಲಿರುವ ಹೆಸರು ಅದು. 2019ರ ಏಪ್ರಿಲ್‌ನಿಂದ ಇಲ್ಲಿ ವಾಸವಿರುವವರ ಆದಾಯ ತೆರಿಗೆಯ ಒಂದು ಭಾಗದ ದರವನ್ನು ವೇಲ್ಸ್‌ನ ಸಂಸತ್ತೇ ನಿಗದಿ ಮಾಡುತ್ತದೆ. ಅವರು ಅದನ್ನು ಇಂಗ್ಲೆಂಡಿನಷ್ಟೇ ಇಟ್ಟುಕೊಂಡು ಬಂದಿದ್ದಾರೆ, ಹಾಗಾಗಿ ಕೈಗೆ ಬರುವ ದುಡ್ಡಿನಲ್ಲಿ ವ್ಯತ್ಯಾಸ ಇಲ್ಲ.

ಆದರೂ ಆ ಒಂದಕ್ಷರವನ್ನು ಸುಮ್ನೆ ಬಿಡಬೇಡಿ. ವೀಸಾ ಕೊಟ್ಟಿದ್ದು ಯು.ಕೆ., ನೀವು ಬಂದಿಳಿದಿದ್ದು ಅದರೊಳಗಿನ ವೇಲ್ಸ್ ಎಂಬ ಬೇರೆ ನಾಡಿನ ರಾಜಧಾನಿಯಲ್ಲಿ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ಉತ್ತರಗಳು ಬಹುಪಾಲು ಇಂಗ್ಲೆಂಡಿನವು. ಅವನ್ನು ನಂಬಿಕೊಂಡು ಮನೆ ಬಿಟ್ಟವರು, ಔಷಧಿ ಕೊಳ್ಳದೆ ನರಳಿದವರು ಇಬ್ಬರನ್ನೂ ನೋಡಿದ್ದೇನೆ.

ನನಗೆ ಇದು ಅರ್ಥವಾಗಿದ್ದು ಒಂದು ಔಷಧಿ ಅಂಗಡಿಯಲ್ಲಿ. ಬಂದ ಹೊಸತು, ನವೆಂಬರ್ ಮಳೆ, ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಡಾಕ್ಟರ್ ಆಂಟಿಬಯೋಟಿಕ್ ಬರೆದುಕೊಟ್ಟರು. ಪ್ರತಿ ಔಷಧಿಗೂ ಹತ್ತು ಪೌಂಡ್ ಹತ್ತಿರ ಕೊಡಬೇಕು ಅಂತ ಯಾರೋ ಹೇಳಿದ್ದರು, ಪರ್ಸ್ ಬಿಚ್ಚಿಕೊಂಡೇ ಕೌಂಟರಿಗೆ ಹೋದೆ. ಒಳಗಿದ್ದ ವಯಸ್ಸಾದ ಹೆಂಗಸು ಪೊಟ್ಟಣ ನನ್ನ ಕಡೆ ತಳ್ಳಿ, ಪರ್ಸ್ ನೋಡಿ ನಕ್ಕುಬಿಟ್ಟರು. "ಎತ್ತಿಡಮ್ಮ ಅದನ್ನ, ನೀನೀಗ ವೇಲ್ಸ್‌ನಲ್ಲಿದ್ದೀಯ." 2007ರ ಏಪ್ರಿಲ್‌ನಿಂದ ಇಲ್ಲಿ ಡಾಕ್ಟರ್ ಬರೆದ ಔಷಧಿಗೆ ದುಡ್ಡಿಲ್ಲ. ವೇಲ್ಸ್‌ನೊಳಗಿನ ಜಿಪಿ (ಬಡಾವಣೆಯ ಡಾಕ್ಟರ್) ಹತ್ತಿರ ಹೆಸರು ಬರೆಸಿರಬೇಕು, ಅಷ್ಟೇ. ಅದನ್ನು ಬಂದ ಮೊದಲ ವಾರವೇ ಮಾಡಿಬಿಡಿ, ಜ್ವರ ಬಂದ ಮೇಲೆ ಅಲ್ಲ. ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಊರಿನವರು ಅದನ್ನು ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, "ಹೀತ್" ಅನ್ನುತ್ತಾರೆ. ಯೂನಿವರ್ಸಿಟಿ ಹಾಸ್ಪಿಟಲ್ ಆಫ್ ವೇಲ್ಸ್ ಅಂದರೆ ಅದೇ.

ಈಗ ಊರಿನ ವಿಷಯ. ರಾಜಧಾನಿ ಅಂದ ತಕ್ಷಣ ಹಳೇ ಕಾಲದ ದೊಡ್ಡ ಪಟ್ಟಣ ಅಂದುಕೊಳ್ಳುತ್ತೇವಲ್ಲ, ಕಾರ್ಡಿಫ್ ಹಾಗಲ್ಲ. ರೋಮನ್ನರು ಟಾಫ್ ನದಿಯ ಪಕ್ಕ ಒಂದು ಕೋಟೆ ಕಟ್ಟಿದ್ದರು, ಆಮೇಲೆ ನಾರ್ಮನ್ನರು ಅದೇ ಜಾಗದಲ್ಲಿ ಮಣ್ಣಿನ ದಿಬ್ಬ ಎಬ್ಬಿಸಿ ತಮ್ಮದೊಂದನ್ನು ಕಟ್ಟಿದರು, ಅದೆಲ್ಲ ಸರಿ. ಆದರೆ 1801ರ ಜನಗಣತಿಯಲ್ಲಿ ಇಲ್ಲಿದ್ದವರು ಎರಡು ಸಾವಿರಕ್ಕಿಂತ ಕಡಿಮೆ. ನಮ್ಮ ಕಡೆ ಒಂದು ಸಂತೆ ಊರು ಅನ್ನಬಹುದು. ನೂರು ವರ್ಷ ಕಳೆದು 1901ಕ್ಕೆ ಬಂದರೆ ಒಂದೂವರೆ ಲಕ್ಷ ದಾಟಿದೆ. ನಡುವೆ ಆಗಿದ್ದು ಕಲ್ಲಿದ್ದಲು.

ಉತ್ತರದ ಕಣಿವೆಗಳಲ್ಲಿ ಕಬ್ಬಿಣ, ಕಲ್ಲಿದ್ದಲು ರಾಶಿ ರಾಶಿ. ಅದನ್ನು ಸಮುದ್ರಕ್ಕೆ ಇಳಿಸಬೇಕು. ಇಲ್ಲಿನ ಜಮೀನ್ದಾರ, ಬ್ಯೂಟ್ ಮನೆತನದ ಎರಡನೇ ಮಾರ್ಕ್ವಿಸ್ (ಅದು ಇಲ್ಲಿನ ಶ್ರೀಮಂತರ ಬಿರುದು), ಕೈಯಿಂದ ದುಡ್ಡು ಸುರಿದು ಹಡಗಿನ ಧಕ್ಕೆ ಕಟ್ಟಿಸಿದ. 1839ರಲ್ಲಿ ಅದು ತೆರೆಯಿತು, ಎರಡೇ ವರ್ಷದಲ್ಲಿ ಕಣಿವೆಯ ಊರು ಮರ್ಥರ್‌ನಿಂದ ಇಲ್ಲಿಯವರೆಗೆ ರೈಲೂ ಬಂತು. 1913ರಲ್ಲಿ ಒಂದೇ ವರ್ಷಕ್ಕೆ ಇಲ್ಲಿಂದ ಹೊರಗೆ ಹೋದ ಕಲ್ಲಿದ್ದಲು ಒಂದು ಕೋಟಿ ಟನ್ನಿಗೂ ಜಾಸ್ತಿ. ಮೌಂಟ್ ಸ್ಟುವರ್ಟ್ ಸ್ಕ್ವೇರ್‌ನಲ್ಲಿ ಕೋಲ್ ಎಕ್ಸ್‌ಚೇಂಜ್ ಕಟ್ಟಡ ಈಗಲೂ ಇದೆ, ಒಂದು ಕಾಲಕ್ಕೆ ಜಗತ್ತಿನ ಕಲ್ಲಿದ್ದಲಿನ ಬೆಲೆ ಅಲ್ಲಿ ಕುದುರುತ್ತಿತ್ತು.

ನೀವು ಸೆಲ್ಫಿ ತೆಗೆಯುವ ಕೋಟೆಯ ಒಳಗಿನ ಚಿನ್ನದ ಬಣ್ಣ, ಗಡಿಯಾರದ ಗೋಪುರ, ಗೋಡೆ ಮೇಲೆ ಕೂತ ಕಲ್ಲಿನ ಪ್ರಾಣಿಗಳು ಇವೆಲ್ಲ ಹಳೇ ರಾಜರ ಕಾಲದ್ದಲ್ಲ ಮತ್ತೆ. ಆ ಜಮೀನ್ದಾರನ ಮಗ, ಮೂರನೇ ಮಾರ್ಕ್ವಿಸ್, ವಿಲಿಯಂ ಬರ್ಜಸ್ ಅನ್ನೋ ವಾಸ್ತುಶಿಲ್ಪಿಯನ್ನು ಹಿಡಿದು 19ನೇ ಶತಮಾನದ ಉತ್ತರಾರ್ಧದಲ್ಲಿ ಆಸೆಪಟ್ಟು ಮಾಡಿಸಿದ್ದು. ಕಲ್ಲಿದ್ದಲಿನ ದುಡ್ಡು ಹೇಗೆ ಕಾಣುತ್ತಿತ್ತು ಅಂತ ತಿಳಿಯಬೇಕಾದರೆ ಆ ಕೋಣೆಗಳಿಗೆ ಹೋಗಿ. 1947ರಲ್ಲಿ ಆ ಮನೆತನ ಕೋಟೆಯನ್ನು ಊರಿಗೇ ಬಿಟ್ಟುಕೊಟ್ಟಿತು.

ದುಡ್ಡು ಬ್ಯೂಟ್‌ನವರದು, ಮೈ ಬಗ್ಗಿಸಿದ್ದು ಹೊರಗಿನವರು. ಬಂದರಿನ ಪಕ್ಕದ ಬ್ಯೂಟ್‌ಟೌನ್, ಟೈಗರ್ ಬೇ ಅಂತ ಹೆಸರಾದ ಜಾಗ, ಸೊಮಾಲಿಗಳು, ಯೆಮೆನ್‌ನವರು, ನಾರ್ವೆಯವರು, ಕೇಪ್ ವರ್ಡ್‌ನವರು, ಕೆರಿಬಿಯನ್ನರು ಎಲ್ಲರೂ ಬಂದು ಸೇರಿದ್ದ ಕೇರಿ. ಹಾಡುಗಾರ್ತಿ ಶರ್ಲಿ ಬ್ಯಾಸಿ ಹುಟ್ಟಿದ್ದು ಅಲ್ಲಿಯೇ. ಕೊಲ್ಲಿಯ ಅಂಚಿನಲ್ಲಿ ಬಿಳಿ ಬಣ್ಣದ ಪುಟ್ಟ ಮರದ ಚರ್ಚು ಕಾಣುತ್ತದಲ್ಲ, ಅದು ನಾರ್ವೆಯ ನಾವಿಕರದ್ದು. ಈಗ ಇದೇ ಊರಿಗೆ ಸೇರಿರುವ ಲ್ಯಾಂಡಾಫ್‌ನಲ್ಲಿ ಹುಟ್ಟಿದ ಮಕ್ಕಳ ಕಥೆಗಾರ ರೋಲ್ಡ್ ಡಾಲ್‌ಗೆ ನಾಮಕರಣ ಆಗಿದ್ದು ಅದೇ ಚರ್ಚಿನಲ್ಲಿ.

ಇದನ್ನು ಓದಿ, ಓಹೋ ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದರು ಅಂದುಕೊಳ್ಳಬೇಡಿ. 1919ರಲ್ಲಿ, ಯುದ್ಧ ಮುಗಿದು ಕೆಲಸ ಸಿಗದಿದ್ದಾಗ, ಬಿಳಿಯರ ಗುಂಪುಗಳು ಈ ಕೇರಿಯ ಮೇಲೆ ಬಿದ್ದವು, ಜನ ಸತ್ತರು. 1952ರಲ್ಲಿ ಮಹಮೂದ್ ಮತ್ತಾನ್ ಎಂಬ ಸೊಮಾಲಿ ನಾವಿಕನನ್ನು ಮಾಡದ ಕೊಲೆಗೆ ಕಾರ್ಡಿಫ್ ಜೈಲಿನಲ್ಲಿ ಗಲ್ಲಿಗೇರಿಸಿದರು. ತೀರ್ಪು ತಪ್ಪು ಅಂತ ಕೋರ್ಟ್ ಒಪ್ಪಿದ್ದು 1998ರಲ್ಲಿ. ಆ ಜೈಲು ಇನ್ನೂ ಊರಿನ ನಡುವೆಯೇ ಇದೆ, ರೈಲಿನಲ್ಲಿ ಬರುವಾಗ ಕಾಣುತ್ತದೆ. ಇಲ್ಲಿ ಹೊರಗಿನವರಾಗಿರುವುದು ದೊಡ್ಡ ಸುದ್ದಿಯಲ್ಲ ಅಂತ ನಾನು ಹೇಳುವಾಗ ಇದನ್ನೂ ಸೇರಿಸಿಯೇ ಹೇಳುತ್ತೇನೆ.

ರಾಜಧಾನಿ ಪಟ್ಟ ಸಿಕ್ಕಿದ್ದು 1955ರ ಡಿಸೆಂಬರ್‌ನಲ್ಲಿ. ಅಂದರೆ ನಮ್ಮ ಏಕೀಕರಣಕ್ಕೆ ಒಂದು ವರ್ಷವೂ ಮುಂಚೆ ಅಲ್ಲ! ಪಟ್ಟ ಸಿಕ್ಕಿತು, ಆಳೋದಕ್ಕೆ ಸರ್ಕಾರ ಇರಲಿಲ್ಲ. 1997ರಲ್ಲಿ ವೇಲ್ಸ್‌ಗೆ ಸ್ವಂತ ಶಾಸನಸಭೆ ಬೇಕಾ ಅಂತ ಮತಕ್ಕೆ ಹಾಕಿದರು. ಬೇಕು ಅಂದವರು ಶೇ. 50.3. ಕೂದಲೆಳೆ. ತಮಾಷೆ ಅಂದರೆ ಕಾರ್ಡಿಫ್‌ನವರೇ ಬೇಡ ಅಂದಿದ್ದರು. ಆದರೂ ಸಭೆ ಬಂದು ಕೂತಿದ್ದು ಇವರ ಕೊಲ್ಲಿಯ ದಡದಲ್ಲೇ. ಹೆಸರು ಸೆನೆದ್, ಕಟ್ಟಡ ತೆರೆದದ್ದು 2006ರಲ್ಲಿ. ಒಳಗೆ ಹೋಗೋದಕ್ಕೆ ದುಡ್ಡಿಲ್ಲ, ಬ್ಯಾಗ್ ತಪಾಸಣೆ ಮಾಡಿ ಬಿಡುತ್ತಾರೆ. ಮೇಲೆ ಗ್ಯಾಲರಿಯಲ್ಲಿ ಕೂತರೆ ಗಾಜಿನಾಚೆ ಕೆಳಗೆ ಸದಸ್ಯರು ಕಾಣುತ್ತಾರೆ. ನಮ್ಮ ವಿಧಾನಸೌಧಕ್ಕೆ ಪಾಸ್ ಮಾಡಿಸಲು ಓಡಾಡಿದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ.

ಯಾವುದು ಯಾರ ಕೈಯಲ್ಲಿ? ನಮ್ಮ ರಾಜ್ಯ ಪಟ್ಟಿ, ಕೇಂದ್ರ ಪಟ್ಟಿ ನೆನಪಿಸಿಕೊಳ್ಳಿ. ಆರೋಗ್ಯ, ಶಾಲೆ, ಮನೆ ಬಾಡಿಗೆ, ನಮ್ಮ ನಗರಪಾಲಿಕೆಯಂಥ ಕೌನ್ಸಿಲ್‌ಗಳು ಇವು ಸೆನೆದ್‌ನವು. ವೀಸಾ, ಪಿಂಚಣಿ ಲಂಡನ್ನಿನವು. ನಮ್ಮವರು ತಪ್ಪು ಮಾಡುವುದು ಪೊಲೀಸ್ ವಿಷಯದಲ್ಲಿ. ನಮ್ಮಲ್ಲಿ ಪೊಲೀಸ್ ರಾಜ್ಯದ್ದು, ಇಲ್ಲಿ ಅದೂ ಲಂಡನ್ನಿನದ್ದೇ.

ಮತದಾನದ ಬಗ್ಗೆ ಒಂದು ಮಾತು, ಯಾಕಂದರೆ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಮೇಲಿರುವ ಭಾರತೀಯರು, ವಿದ್ಯಾರ್ಥಿಗಳೂ ಸೇರಿ, ಇಲ್ಲಿ ಎಲ್ಲ ಚುನಾವಣೆಗಳಲ್ಲೂ ಓಟು ಹಾಕಬಹುದು. ಲಂಡನ್ ಸಂಸತ್ತಿಗೂ ಸೇರಿ. ಸೆನೆದ್‌ಗೆ, ಕೌನ್ಸಿಲ್‌ಗೆ 16 ವರ್ಷ ಆದರೆ ಸಾಕು. ಆನ್‌ಲೈನಿನಲ್ಲಿ ಹೆಸರು ಸೇರಿಸಲು ಐದು ನಿಮಿಷ. ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ಸ್ಕೋರಿಗೂ ಅನುಕೂಲ, ಅದನ್ನು ಹೇಳಿದ ಮೇಲೆ ಎಲ್ಲರೂ ಸೇರಿಸುತ್ತಾರೆ.

ಬಾಡಿಗೆ ಮನೆ. ಇಲ್ಲಿ ಸ್ವಲ್ಪ ಕೂತು ಓದಿ. 2022ರ ಡಿಸೆಂಬರ್ 1ರಿಂದ ವೇಲ್ಸ್‌ನ ಬಾಡಿಗೆ ಕಾನೂನು ಪೂರ್ತಿ ಬೇರೆ. ಕರಾರಿಗೆ ಆಕ್ಯುಪೇಷನ್ ಕಾಂಟ್ರ್ಯಾಕ್ಟ್ ಅನ್ನುತ್ತಾರೆ, ಬಾಡಿಗೆದಾರನಿಗೆ ಕಾಂಟ್ರ್ಯಾಕ್ಟ್ ಹೋಲ್ಡರ್. ಮಾಲೀಕರು ರೆಂಟ್ ಸ್ಮಾರ್ಟ್ ವೇಲ್ಸ್‌ನಲ್ಲಿ ನೋಂದಣಿ ಮಾಡಿಸಿರಬೇಕು, ಆ ಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು. ಅಡ್ವಾನ್ಸ್ ಕೊಡುವ ಮೊದಲು ನೋಡಿ. ನನ್ನ ಮೊದಲ ಮನೆಯ ಮಾಲೀಕರು ಒಂದು ದಿನ ಇಂಗ್ಲೆಂಡಿನ ಫಾರ್ಮ್ ಪ್ರಿಂಟ್ ಹಾಕಿಕೊಂಡು ಬಂದು, ಎರಡು ತಿಂಗಳಲ್ಲಿ ಖಾಲಿ ಮಾಡಿ ಅಂದರು. ನಾನು ಆಗಲೇ ಡಬ್ಬ ಕಟ್ಟಲು ಶುರು ಮಾಡಿದ್ದೆ, ಅಷ್ಟು ಪೆದ್ದು. ಪಕ್ಕದ ಮನೆಯವರು ತಡೆದರು. ನಿಮ್ಮ ತಪ್ಪೇನೂ ಇಲ್ಲದೆ ಬಿಡಿಸಬೇಕಾದರೆ ಇಲ್ಲಿ 6 ತಿಂಗಳ ನೋಟಿಸ್ ಕೊಡಬೇಕು, ಅದನ್ನೂ ಮೊದಲ 6 ತಿಂಗಳಲ್ಲಿ ಕೊಡುವಂತಿಲ್ಲ, ನೋಂದಣಿಯೇ ಇಲ್ಲದವರಂತೂ ಕೊಡುವಂತೆಯೇ ಇಲ್ಲ. ಪಟ್ಟಿಯಲ್ಲಿ ಹುಡುಕಿದೆ. ಅವರ ಹೆಸರೇ ಇರಲಿಲ್ಲ. ಆ ಮನೆಯಲ್ಲಿ ಇನ್ನೂ ಒಂದೂವರೆ ವರ್ಷ ಇದ್ದೆ.

ಇನ್ನೊಂದು, ಯಾರೂ ಮಾತಾಡಲು ಇಷ್ಟಪಡದ್ದು. 2015ರ ಡಿಸೆಂಬರ್‌ನಿಂದ ವೇಲ್ಸ್‌ನಲ್ಲಿ, ಬೇಡ ಅಂತ ನೀವು ಮುಂಚೆ ಹೇಳದಿದ್ದರೆ, ಅಂಗದಾನಕ್ಕೆ ಒಪ್ಪಿಗೆ ಇದೆ ಅಂತಲೇ ಲೆಕ್ಕ. 18 ದಾಟಿದವರು, ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ವಾಸವಿರುವವರು ಇದರೊಳಗೆ ಬರುತ್ತಾರೆ. ನನಗೆ ಒಪ್ಪಿಗೆ ಇದೆ. ನಿಮ್ಮದು ಏನೇ ಇರಲಿ, ರಿಜಿಸ್ಟರಿನಲ್ಲಿ ಹಾಕಿ, ಮನೆಯವರಿಗೆ ಹೇಳಿಡಿ.

ಭಾಷೆ. ಎಲ್ಲ ಬೋರ್ಡೂ ಇಂಗ್ಲಿಷ್, ವೆಲ್ಷ್ ಎರಡು ಭಾಷೆಯಲ್ಲಿ. ರಸ್ತೆ ಮೇಲೆ ದೊಡ್ಡದಾಗಿ ಬರೆದಿರುವುದನ್ನು ಓದಿ ಹೊಸಬರು "ಅರಫ್ ಯಾರು?" ಅಂತಾರೆ. ಅದು ಆರವ್, ನಿಧಾನ ಅಂತ ಅರ್ಥ, ಒಂಟಿ ಎಫ್ ಇಲ್ಲಿ ವ ಆಗುತ್ತದೆ. ಎರಡು ಡಿ ಸೇರಿದರೆ ಹೆಚ್ಚುಕಡಿಮೆ ನಮ್ಮ ದ, ಹಾಗಾಗಿ ಊರಿನ ವೆಲ್ಷ್ ಹೆಸರು ಕೈರ್‌ಡೀದ್. ಇಂಗ್ಲಿಷಿನ ಹಾಗಲ್ಲ, ನಮ್ಮ ಹಾಗೆ ಬರೆದಂತೆ ಓದುವ ಭಾಷೆ, ಒಂದು ವಾರ ಕಲಿತರೆ ಬೋರ್ಡು ಓದಬಹುದು. ಜೋಡಿ ಎಲ್ ಮಾತ್ರ ನಮ್ಮ ಯಾವ ಅಕ್ಷರಕ್ಕೂ ಸಿಗುವುದಿಲ್ಲ. ಕಾರ್ಡಿಫ್‌ನಲ್ಲಿ ವೆಲ್ಷ್ ಬಲ್ಲವರು ಎಂಟರಲ್ಲಿ ಒಬ್ಬರು, ಆದರೂ ಎಲ್ಲ ಸರ್ಕಾರಿ ಶಾಲೆಯಲ್ಲೂ 16ರವರೆಗೆ ಕಲಿಸುತ್ತಾರೆ. "ನಮ್ಮ ಮಗುಗೆ ಅದ್ಯಾಕೆ?" ಅಂತ ಕೇಳುವ ಕನ್ನಡಿಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನಲ್ಲಿ ಅದೇ ಮಾತು ಯಾರಾದರೂ ಹೇಳಿದರೆ ನಾವು ಸುಮ್ನಿರ್ತೀವಾ? ಗೋಕಾಕ್ ಚಳವಳಿ ನಡೆದ 1982ರಲ್ಲೇ ಇವರೂ ಜಗಳ ಆಡಿ ತಮ್ಮ ಭಾಷೆಯ ಟಿವಿ ಚಾನೆಲ್ ತೆಗೆದುಕೊಂಡರು.

ಇವರ ಇಂಗ್ಲಿಷಿಗೂ ಸ್ವಲ್ಪ ಅಭ್ಯಾಸ ಬೇಕು. "ನೌ ಇನ್ ಎ ಮಿನಿಟ್" ಅಂದರೆ ಈಗಲೂ ಅಲ್ಲ, ನಿಮಿಷದಲ್ಲೂ ಅಲ್ಲ. ಸ್ನಾನಕ್ಕೆ ಹೋಗುತ್ತಾ ಫೋನಿನಲ್ಲಿ "ಬಂದೇ ಬಿಟ್ಟೆ" ಅನ್ನುತ್ತೇವಲ್ಲ, ಅದು. ಬಸ್ ಇಳಿಯುವಾಗ ಡ್ರೈವರಿಗೆ "ಚಿಯರ್ಸ್ ಡ್ರೈವ್" ಅನ್ನಬೇಕು, ಅನ್ನದಿದ್ದರೆ ಯಾರೂ ಬೈಯಲ್ಲ, ಆದರೆ ಅಂದರೆ ನೀವು ಊರಿನವರು. ಕ್ಯಾರೊಲಿನ್ ಸ್ಟ್ರೀಟಿನಲ್ಲಿ ಹಾಫ್ ಅಂಡ್ ಹಾಫ್ ಕೇಳಿದರೆ ಅರ್ಧ ಅನ್ನ, ಅರ್ಧ ಆಲೂಗಡ್ಡೆ ಚಿಪ್ಸ್, ಮೇಲೆ ಕರಿ ಸುರಿದು ಕೊಡುತ್ತಾರೆ. ನಗಬೇಡಿ, ಮಳೆಯಲ್ಲಿ ತಿಂದು ನೋಡಿ. ಕರಿಬೇವಿಗೆ ಸಿಟಿ ರೋಡ್, ಆಲ್ಬನಿ ರೋಡ್ ಕಡೆ ಹೋಗಿ.

ಕೊನೆಗೆ ರಗ್ಬಿ. ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಹಿಡಿಸುವ ಸ್ಟೇಡಿಯಂ ಊರಿನ ಹೊಟ್ಟೆಯಲ್ಲೇ ಇದೆ, ರೈಲು ನಿಲ್ದಾಣದ ಪಕ್ಕ. ಫೆಬ್ರವರಿ, ಮಾರ್ಚ್‌ನಲ್ಲಿ ಸಿಕ್ಸ್ ನೇಷನ್ಸ್ ಪಂದ್ಯ ಇದ್ದ ದಿನ ರಸ್ತೆಗಳೇ ಮುಚ್ಚುತ್ತವೆ. ನಾನು ಕ್ಯಾಲೆಂಡರ್ ನೋಡದೆ ಅಂಥ ಶನಿವಾರವೇ ಅಮ್ಮನಿಗೆ ಟಿಕೆಟ್ ಮಾಡಿಸಿದ್ದೆ. ಎರಡು ಸೂಟ್‌ಕೇಸ್, ಒಂದರ ತುಂಬ ಚಟ್ನಿಪುಡಿ, ಟ್ಯಾಕ್ಸಿ ಇಲ್ಲ. ತಲೆಗೆ ಹಳದಿ ಹೂವಿನ ಟೋಪಿ, ಮುಖಕ್ಕೆ ಕೆಂಪು ಬಣ್ಣ, ಕೈಯಲ್ಲಿ ಬಿಯರ್ ಹಿಡಿದಿದ್ದ ಒಬ್ಬ ದಾಂಡಿಗ ಒಂದು ಸೂಟ್‌ಕೇಸ್ ಎತ್ತಿಕೊಂಡು ಅರ್ಧ ಮೈಲಿ ನಡೆದ. ಅಮ್ಮ ಬಿಯರ್ ಕಡೆ ನೋಡಲೇ ಇಲ್ಲ, "ಯಾವ ಜಾತ್ರೆ ಕಣೇ ಇದು?" ಅಂದರು.

ಕ್ರಿಕೆಟ್ ಇಲ್ಲವೇ ಅಂತ ಕೇಳಿದರೆ, ಇದೆ. ಸೋಫಿಯಾ ಗಾರ್ಡನ್ಸ್. 2011ರ ಸೆಪ್ಟೆಂಬರ್ 16ರಂದು ನಮ್ಮ ದ್ರಾವಿಡ್ ಕೊನೆಯ ಏಕದಿನ ಪಂದ್ಯ ಆಡಿದ್ದು ಅಲ್ಲಿ. 69 ಹೊಡೆದರು, ಕೊಹ್ಲಿ ಶತಕ ಹೊಡೆದರು, ಆದರೂ ಸೋತೆವು. ನಡೆದೇ ಹೋಗಬಹುದು. ಕೋಟೆಯ ಪಕ್ಕದಿಂದ ಬ್ಯೂಟ್ ಪಾರ್ಕ್ ಒಳಗೆ ಹೋಗಿ, ಕಾಲುಸೇತುವೆಯ ಮೇಲೆ ಟಾಫ್ ದಾಟಿ, ಬಲಕ್ಕೆ ತಿರುಗಿ. ಛತ್ರಿ ಇರಲಿ.