ಕತ್ತಲಲ್ಲಿ ಹೊಳೆಯದ ರೇಡಿಯಂ ಬೋರ್ಡು: ಗಾರ್ಮೆಂಟ್ಸ್‌ನಲ್ಲಿ ಫೈರ್ ವಾರ್ಡನ್ ಆಗಿ ನನ್ನ ಅನುಭವ

ನಾನೊಬ್ಬ ಫೈರ್ ವಾರ್ಡನ್, ಅಂದರೆ ಬೆಂಕಿ ಬಿದ್ದಾಗ ಜನರನ್ನು ಹೊರಗೆ ಕಳಿಸುವ ಹೊಣೆ ಹೊತ್ತವನು, ಎಂಬುದು ನನಗೆ ಗೊತ್ತಾದದ್ದು ಗೋಡೆಯ ಮೇಲಿದ್ದ ನನ್ನದೇ ಫೋಟೋ ನೋಡಿ. 2017ರಲ್ಲಿ ನಾನು ಪೀಣ್ಯದ ಒಂದು ಸಿದ್ಧ ಉಡುಪು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಮೇಲ್ವಿಚಾರಕನಾಗಿದ್ದೆ. ಹೊರದೇಶದ ಬೈಯರ್ ಕಡೆಯವರು ಆಡಿಟ್‌ಗೆ ಬರುವ ಹಿಂದಿನ ವಾರ ಹನ್ನೆರಡು ಮಂದಿಯ ಭಾವಚಿತ್ರಗಳನ್ನು ಗುರುತಿನ ಚೀಟಿಗಳಿಂದ ತೆಗೆದು ‘ಅಗ್ನಿಶಾಮಕ ತಂಡ’ ಎಂಬ ಫಲಕಕ್ಕೆ ಅಂಟಿಸಲಾಗಿತ್ತು. ಆ ಹನ್ನೆರಡರಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿ ತಿಂಗಳುಗಳಾಗಿದ್ದವು, ಒಬ್ಬರು ಹೆರಿಗೆ ರಜೆಯಲ್ಲಿದ್ದರು, ಐವರು ದಿನದ ಅರ್ಧ ಭಾಗವನ್ನು ಮೀಟಿಂಗ್‌ನಲ್ಲೇ ಕಳೆಯುವ ಮ್ಯಾನೇಜರುಗಳು. ಆಡಿಟ್ ಸುಗಮವಾಗಿ ಮುಗಿಯಿತು. ಅದರ ಮರುವಾರ ನಡೆದ ಡ್ರಿಲ್, ಅಂದರೆ ಬೆಂಕಿ ಬಿದ್ದಂತೆ ಕಟ್ಟಡ ಖಾಲಿ ಮಾಡುವ ಅಭ್ಯಾಸ, ಮಾತ್ರ ಹಾಗೆ ಮುಗಿಯಲಿಲ್ಲ.

ನಮ್ಮದು ನೆಲಮಹಡಿಯ ಮೇಲೆ ಎರಡು ಅಂತಸ್ತುಗಳ ಕಟ್ಟಡ. ಸುಮಾರು ಆರುನೂರ ನಲವತ್ತು ಮಂದಿ ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ತುಮಕೂರು, ಮಾಗಡಿ, ಮಂಡ್ಯ ಕಡೆಯವರು ಬಹುಪಾಲು, ಉಳಿದವರು ಒಡಿಶಾ ಮತ್ತು ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ನಲ್ಲಿದ್ದ ಹುಡುಗಿಯರು. ಹೂಟರ್ ಕೂಗಿದ ಮೇಲೆ ಕಟ್ಟಡ ಖಾಲಿಯಾಗಲು ಏಳೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಎರಡನೇ ಮಹಡಿಯ ಒಂದು ಲೈನಿನ (ಹೊಲಿಗೆ ಮಷಿನುಗಳ ಸಾಲಿನ) ಸೂಪರ್‌ವೈಸರ್ “ಕೈಯಲ್ಲಿರೋ ಬಂಡಲ್ ಮುಗಿಸಿ ಹೋಗ್ರಮ್ಮ” ಎಂದು ಎಲ್ಲರನ್ನೂ ಕೂರಿಸಿಕೊಂಡಿದ್ದರು. ಹನ್ನೊಂದು ಮಂದಿ ಮೆಟ್ಟಿಲಿಳಿಯುವ ಭರದಲ್ಲಿ ನೆಲಮಹಡಿಯ ಬಾಗಿಲನ್ನು ದಾಟಿ, ಮೆಟ್ಟಿಲು ಮುಂದುವರಿದಲ್ಲೆಲ್ಲ ತಾವೂ ಮುಂದುವರಿದು, ಬಟ್ಟೆಯ ಥಾನುಗಳನ್ನು ಪೇರಿಸಿಟ್ಟಿದ್ದ ಬೇಸ್‌ಮೆಂಟ್ ಗೋದಾಮಿಗೆ ಹೋಗಿ ನಿಂತಿದ್ದರು. ನಿಜವಾದ ಬೆಂಕಿಯಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ಅಂದು ರಾತ್ರಿ ನಾನು ನಿದ್ದೆ ಮಾಡಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ಮರುದಿನ ಊಟದ ವಿರಾಮದಲ್ಲಿ ಹಾಲ್ ಖಾಲಿಯಿದ್ದಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಪ್ರತಿ ಲೈನಿನಲ್ಲೂ ಐದಾರು ಮಷಿನುಗಳಿಗೆ ಒಂದರಂತೆ ಟೈಲರುಗಳ ಸ್ಟೂಲಿನ ಮೇಲೆ ಕುಳಿತು, ಅಲ್ಲಿಂದ ಯಾವ ಬೋರ್ಡು ಕಾಣುತ್ತದೆ ಎಂದು ಬರೆದುಕೊಂಡದ್ದು. ನಿಂತು ನೋಡಿದರೆ ಕಾಣುತ್ತಿದ್ದ ನಿರ್ಗಮನದ ಬೋರ್ಡುಗಳು ಕುಳಿತರೆ ಟ್ಯೂಬ್‌ಲೈಟುಗಳ ಪಟ್ಟಿಯ ಹಿಂದೆ ಮರೆಯಾಗುತ್ತಿದ್ದವು. ಕೆಲವನ್ನು ದಾರದ ಕೋನ್‌ಗಳ ರ‍್ಯಾಕು ಮುಚ್ಚಿತ್ತು. ಬೋರ್ಡುಗಳ ಅಳತೆಯೂ ಸಾಲದಾಗಿತ್ತು. ಹೊರಗಿನ ಬೆಳಕಿನಿಂದ ಕಾಣುವ ಬೋರ್ಡನ್ನು ಅದರ ಎತ್ತರದ ಸುಮಾರು ನೂರು ಪಟ್ಟು ದೂರದಿಂದ ಗುರುತಿಸಬಹುದು, ಒಳಗಿನಿಂದಲೇ ಬೆಳಗುವಂಥದ್ದಾದರೆ ಇನ್ನೂರು ಪಟ್ಟು ಎಂಬುದು ಈ ಕೆಲಸದಲ್ಲಿ ಬಳಸುವ ಲೆಕ್ಕ. ನಮ್ಮ ಹಾಲ್ ನಲವತ್ತೆಂಟು ಮೀಟರ್ ಉದ್ದವಿತ್ತು, ಬೋರ್ಡಿನ ಎತ್ತರ 10 ಸೆಂಟಿಮೀಟರ್. ಅಂದರೆ ಹತ್ತು ಮೀಟರ್ ಆಚೆ ಕುಳಿತವರಿಗೆ ಅದೊಂದು ಹಸಿರು ಚುಕ್ಕೆ ಅಷ್ಟೆ. ಹಸಿರು ಎಂದೆನಾದರೂ ಅದೂ ಎಲ್ಲ ಕಡೆ ಇರಲಿಲ್ಲ. ಹಿಂದೊಮ್ಮೆ ಯಾರೋ ಎರಡು ಬಾಗಿಲುಗಳಿಗೆ ‘ಎಕ್ಸಿಟ್’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು. ಚಿತ್ರಸಂಕೇತಗಳ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕೆಂಪು ಹಿನ್ನೆಲೆ ಬೆಂಕಿ ನಂದಿಸುವ ಸಲಕರಣೆಗೆ, ಹಸಿರು ಹಿನ್ನೆಲೆ ಪಾರಾಗುವ ದಾರಿಗೆ ಮೀಸಲು. ಎರಡನ್ನೂ ಕೆಂಪು ಮಾಡಿದರೆ ಓಡುವವರು ಸಿಲಿಂಡರಿನ ಕಡೆಗೂ ಓಡಬಹುದು.

ನನ್ನ ದೊಡ್ಡ ತಪ್ಪು ನಡೆದದ್ದು ಬೋರ್ಡು ಮಾಡಿಸುವಾಗ. ಕತ್ತಲಲ್ಲಿ ಹೊಳೆಯುವಂಥದ್ದು ಬೇಕೆಂದು ಸ್ಟಿಕ್ಕರ್ ಅಂಗಡಿಯಲ್ಲಿ ಹೇಳಿದೆ. ಅವರು “ರೇಡಿಯಂ ತಾನೇ ಸರ್, ಮಾಡಿಕೊಡ್ತೀವಿ” ಎಂದರು. ನಮ್ಮ ಕಡೆ ಲಾರಿಯ ಹಿಂದೆ, ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುವ ಎಲ್ಲವನ್ನೂ ನಾವು ರೇಡಿಯಂ ಎಂದೇ ಕರೆಯುತ್ತೇವಾದ್ದರಿಂದ ನನಗೂ ಅನುಮಾನ ಬರಲಿಲ್ಲ. ಇಪ್ಪತ್ತಾರು ಬೋರ್ಡು ಹಾಕಿಸಿದ ಮೇಲೆ ಒಂದು ಸಂಜೆ ಕೆಲಸ ಬಿಟ್ಟ ನಂತರ ಮೇನ್ ಸ್ವಿಚ್ ಆರಿಸಿ ನೋಡಿದರೆ ಇಡೀ ಹಾಲ್‌ನಲ್ಲಿ ಒಂದೂ ಕಾಣಲಿಲ್ಲ. ಟಾರ್ಚು ಹಾಕಿದರೆ ಎಲ್ಲವೂ ಪಳಪಳ ಹೊಳೆದವು. ಅದು ಬಿದ್ದ ಬೆಳಕನ್ನು ತಿರುಗಿಸುವ ಹಾಳೆಯೇ ಹೊರತು ತಾನೇ ಬೆಳಗುವುದಲ್ಲ. ಬೇಕಾಗಿದ್ದದ್ದು ಫೋಟೋಲ್ಯೂಮಿನಸೆಂಟ್ ಹಾಳೆ. ಅದು ದೀಪದ ಬೆಳಕನ್ನು ಹೀರಿಕೊಂಡು, ದೀಪ ಆರಿದ ಮೇಲೆ ಒಂದಿಷ್ಟು ಹೊತ್ತು ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಸದಾ ಕತ್ತಲಿರುವ ಮೂಲೆಯಲ್ಲಿ ಅದನ್ನು ಹಾಕಿದರೆ ಹೀರಿಕೊಳ್ಳಲು ಬೆಳಕೇ ಇಲ್ಲದೆ ಅದೂ ಸತ್ತಿರುತ್ತದೆ ಎಂಬುದನ್ನು ಎರಡನೇ ಸಲದ ಪರೀಕ್ಷೆಯಲ್ಲಿ ಕಲಿತು, ಹಿಂದಿನ ಮೆಟ್ಟಿಲಿನ ದೀಪವನ್ನು ಹಗಲಿನಲ್ಲೂ ಆರಿಸಬಾರದೆಂದು ಸ್ವಿಚ್ಚನ್ನೇ ತೆಗೆಸಿದೆ. ಬೋರ್ಡಿನ ಬಿಲ್ ಎರಡು ಸಲ ಆದದ್ದಕ್ಕೆ ಅಕೌಂಟ್ಸ್‌ನವರಿಂದ ಕೇಳಬೇಕಾದ್ದೆಲ್ಲ ಕೇಳಿದೆ.

ಬೋರ್ಡು ಮೇಲಿದ್ದರೆ ಸಾಲದು ಎಂಬುದಕ್ಕೆ ಕಾರಣ ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡಾಗ, ಜನರನ್ನು ಕಿಟಕಿ ಒಡೆದು ಕೆಳಕ್ಕೆ ಜಿಗಿಯುವಂತೆ ಮಾಡಿದ್ದು ಮೇಲಿನ ಅಂತಸ್ತುಗಳನ್ನು ತುಂಬಿದ ಹೊಗೆ. ಬಿಸಿ ಹೊಗೆ ಮೊದಲು ಸೂರಿಗೆ ಏರಿ ಅಲ್ಲಿಂದ ಕೆಳಗಿಳಿಯುವುದರಿಂದ, ಸೂರಿಗೆ ತೂಗುಹಾಕಿದ ಬೋರ್ಡುಗಳೇ ಎಲ್ಲಕ್ಕಿಂತ ಮೊದಲು ಕಾಣದಾಗುತ್ತವೆ. ಆದ್ದರಿಂದ ಬಾಗಿಲಿನ ಚೌಕಟ್ಟಿನ ಕೆಳಭಾಗಕ್ಕೆ, ಮೆಟ್ಟಿಲುಗಳ ಅಂಚಿಗೆ, ಮೊಣಕಾಲೆತ್ತರದಲ್ಲಿ ಗೋಡೆಯುದ್ದಕ್ಕೂ ಹೊಳೆಯುವ ಪಟ್ಟಿ ಹಾಕಿಸಿದೆವು. ಬೇಸ್‌ಮೆಂಟ್‌ಗೆ ಇಳಿಯುವ ಮೆಟ್ಟಿಲಿಗೆ ನೆಲಮಹಡಿಯ ಮಟ್ಟದಲ್ಲಿ ಅಡ್ಡಲಾಗಿ, ಕೆಳಗಿನಿಂದ ಬರುವವರು ಮಾತ್ರ ತಳ್ಳಿ ತೆರೆಯಬಹುದಾದ ಒಂದು ಗೇಟು ಮಾಡಿಸಿ, ಅದರ ಮೇಲೆ ‘ಇಲ್ಲಿಗೆ ಸಾಕು, ಹೊರಬಾಗಿಲು ಬಲಕ್ಕೆ’ ಎಂದು ಕನ್ನಡ, ಹಿಂದಿ, ಒಡಿಯಾ ಮೂರರಲ್ಲೂ ಬರೆಸಿದೆವು. ಒಡಿಯಾ ಬರವಣಿಗೆಯನ್ನು ತಿದ್ದಿಕೊಟ್ಟವಳು ಮೂರನೇ ಲೈನಿನ ಒಬ್ಬ ಹುಡುಗಿ. ಓದಲು ಬಾರದವರಿಗೆ ಓಡುವ ಮನುಷ್ಯನ ಚಿತ್ರವೇ ಸಾಕಾಗುತ್ತಿತ್ತು. ಬಾಣದ ಗುರುತು ಮಾತ್ರ ಎಡವಟ್ಟಿನದು. ಬಾಗಿಲ ಮೇಲೆ ಕೆಳಮುಖ ಬಾಣವಿದ್ದರೆ ‘ಈ ಬಾಗಿಲೇ’ ಎಂದು ನಾವು ತಿಳಿದಿದ್ದೆವು, ಆದರೆ ಕೇಳಿದ ಹತ್ತು ಮಂದಿಯಲ್ಲಿ ನಾಲ್ವರು ‘ಕೆಳಗಿಳಿ’ ಎಂದು ಅರ್ಥ ಮಾಡಿಕೊಂಡಿದ್ದರು.

ಹಿಂದಿನ ಬಾಗಿಲಿನ ಕಥೆ ಬೇರೆ. ಅದರ ಮೇಲೆ ಅತಿ ಚೆಂದದ ಬೋರ್ಡಿತ್ತು, ಕೆಳಗೆ ಬೀಗವಿತ್ತು. ಷರ್ಟುಗಳು ಆ ದಾರಿಯಲ್ಲಿ ಕಳುವಾಗುತ್ತವೆ ಎಂಬುದು ಸೆಕ್ಯೂರಿಟಿಯವರ ವಾದ. ಅದಕ್ಕೆ ತಳ್ಳಿದರೆ ತೆರೆಯುವ ಪ್ಯಾನಿಕ್ ಬಾರ್ ಹಾಗೂ ತೆರೆದ ಕೂಡಲೇ ಕೂಗುವ ಬಜರ್ ಹಾಕಿಸಿದ ಮೇಲೆ ಆ ವಾದ ನಿಂತಿತು.

ಇನ್ನು ವಾರ್ಡನ್‌ಗಳ ವಿಷಯ. ಹಳೆಯ ಪಟ್ಟಿಯನ್ನು ಪೂರ್ತಿ ಕೈಬಿಟ್ಟು ಪ್ರತಿ ಲೈನಿಗೆ ಇಬ್ಬರಂತೆ ಆರಿಸಿದೆವು. ಇಬ್ಬರೇಕೆಂದರೆ, ಹಬ್ಬದ ಮರುದಿನದ ಸೋಮವಾರ ಗಾರ್ಮೆಂಟ್ಸ್‌ನಲ್ಲಿ ಎಷ್ಟು ಸ್ಟೂಲು ಖಾಲಿಯಿರುತ್ತವೆ ಎಂಬುದು ಅಲ್ಲಿ ದುಡಿದವರಿಗೆ ಗೊತ್ತು. ಆಯ್ಕೆಯಲ್ಲಿ ನಾನು ಹುದ್ದೆಯನ್ನು ನೋಡಲಿಲ್ಲ. ಊಟದ ಹೊತ್ತಿನಲ್ಲಿ ಜಗಳವಾದರೆ ಯಾರ ಮಾತಿಗೆ ಉಳಿದವರು ಸುಮ್ಮನಾಗುತ್ತಾರೆ ಎಂದು ನೋಡಿದೆ. ಹಾಗೆ ಸಿಕ್ಕವರಲ್ಲಿ ಹೆಚ್ಚಿನವರು ನಲವತ್ತು ದಾಟಿದ, ಎಲ್ಲರೂ ‘ಅಕ್ಕ’ ಎನ್ನುವ ಟೈಲರುಗಳು ಮತ್ತು ಹೆಲ್ಪರುಗಳು. ಅವರಿಗೆ ನಾನು ಒತ್ತಿ ಹೇಳಿದ್ದು, ಬೆಂಕಿ ನಂದಿಸುವುದು ವಾರ್ಡನ್ನನ ಮೊದಲ ಕೆಲಸವಲ್ಲ ಎಂಬುದನ್ನು. ಗೋಡೆಯ ಮೇಲಿನ ಕೆಂಪು ಪೆಟ್ಟಿಗೆಯ ಗಾಜು ಒತ್ತಿ ಹೂಟರ್ ಮಾಡುವುದು, ಜನರನ್ನು ಹೊರಡಿಸುವುದು, ಹಿಂದೆ ಯಾರೂ ಉಳಿದಿಲ್ಲವೆಂದು ನೋಡಿ ತಾನು ಕೊನೆಗೆ ಹೊರಡುವುದು, ಹೊರಗೆ ಹೋಗಿ ಲೆಕ್ಕ ಒಪ್ಪಿಸುವುದು ಅವರ ಪಾಲಿನದು. ಬೆಂಕಿ ಒಂದು ಕಸದ ಬುಟ್ಟಿಯಷ್ಟೇ ಇದ್ದು, ಬೆನ್ನಿಗೆ ಹೊರಬಾಗಿಲಿದ್ದರೆ ಮಾತ್ರ ಸಿಲಿಂಡರ್ ಮುಟ್ಟಬೇಕು.

ಅಧಿಕಾರದ ಪ್ರಶ್ನೆ ಇದ್ದೇ ಇತ್ತು. 2012ರ ನವೆಂಬರ್ 24ರಂದು ಢಾಕಾ ಸಮೀಪದ ಆಶುಲಿಯಾದ ತಾಜ್ರೀನ್ ಫ್ಯಾಶನ್ಸ್ ಕಾರ್ಖಾನೆಯಲ್ಲಿ ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತ ದಿನ, ಅಲಾರಂ ಕೂಗಿದ ಮೇಲೂ ಕೆಲಸಕ್ಕೆ ಮರಳಿ ಎಂದು ಮೇಲಿನವರು ಹೇಳಿದ್ದರೆಂಬುದನ್ನು ಬದುಕುಳಿದವರು ಹೇಳಿದ್ದಾರೆ. ನಮ್ಮ ಡ್ರಿಲ್‌ನಲ್ಲಿ “ಬಂಡಲ್ ಮುಗಿಸಿ” ಎಂದ ಸೂಪರ್‌ವೈಸರ್ ಕೆಟ್ಟ ಮನುಷ್ಯರೇನಲ್ಲ. ಆ ಗಂಟೆಯ ಟಾರ್ಗೆಟ್ ತಪ್ಪಿದರೆ ಬೈಗುಳ ತಿನ್ನುವವರು ಅವರೇ. ಆಗ ನಮಗೆ ಅನ್ವಯವಾಗುತ್ತಿದ್ದ 1948ರ ಕಾರ್ಖಾನೆ ಕಾಯ್ದೆಯ 38ನೇ ಸೆಕ್ಷನ್, ಸುರಕ್ಷಿತವಾಗಿ ಪಾರಾಗುವ ದಾರಿ ಇರಬೇಕೆಂಬುದರ ಜೊತೆಗೆ ಆ ದಾರಿ ಕಾರ್ಮಿಕರಿಗೆ ಪರಿಚಿತವಾಗಿರಬೇಕು, ಅವರಿಗೆ ಅದರ ತರಬೇತಿ ಆಗಿರಬೇಕು ಎಂದೂ ಹೇಳುತ್ತಿತ್ತು. ಅದನ್ನೇ ಮುಂದಿಟ್ಟುಕೊಂಡು ಫ್ಯಾಕ್ಟರಿ ಮ್ಯಾನೇಜರರಿಂದ ಎರಡು ಮಾತುಗಳನ್ನು ಬರಹದಲ್ಲಿ ಪಡೆದೆ: ಹೂಟರ್ ಕೂಗಿದ ಕ್ಷಣದಿಂದ ಲೈನಿನಲ್ಲಿ ವಾರ್ಡನ್ ಮಾತೇ ಕೊನೆಯದು, ಡ್ರಿಲ್ ನಡೆದ ಗಂಟೆಯ ಟಾರ್ಗೆಟ್ಟನ್ನು ಅಷ್ಟರ ಮಟ್ಟಿಗೆ ಇಳಿಸಲಾಗುವುದು. ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅಭಿಪ್ರಾಯ.

ಯಾವ ಬೋರ್ಡಿನಿಂದಲೂ ಬಗೆಹರಿಯದ ಸಮಸ್ಯೆಯೆಂದರೆ ತಾಯಂದಿರದು. ನೆಲಮಹಡಿಯ ಶಿಶುವಿಹಾರದಲ್ಲಿ ಹದಿನಾಲ್ಕು ಮಕ್ಕಳಿದ್ದವು. ಡ್ರಿಲ್ ಎಂದು ಗೊತ್ತಿದ್ದೂ ಕೆಲವು ತಾಯಂದಿರು ಮೆಟ್ಟಿಲಿಳಿದವರೇ ಹೊರಗೆ ಹೋಗದೆ, ಬರುತ್ತಿದ್ದ ಜನರಿಗೆ ಎದುರಾಗಿ ನುಗ್ಗಿ ಶಿಶುವಿಹಾರದತ್ತ ಓಡುತ್ತಿದ್ದರು. ಆ ನೂಕುನುಗ್ಗಲಿನಿಂದಲೇ ಒಂದು ಮೆಟ್ಟಿಲ ದಾರಿ ಕಟ್ಟಿಕೊಳ್ಳುತ್ತಿತ್ತು. ಓಡಬೇಡಿ ಎಂದು ಹೇಳುವ ಹಕ್ಕು ಯಾರಿಗಿದೆ? ಮಕ್ಕಳನ್ನು ನೋಡಿಕೊಳ್ಳುವ ಆಯಾ ಜೊತೆ ಕುಳಿತು ಮಾತನಾಡಿದ ಮೇಲೆ ಒಂದು ದಾರಿ ಹೊಳೆಯಿತು. ಹೂಟರ್ ಕೂಗಿದ ಕೂಡಲೇ ಆಯಾ ಮತ್ತು ನೆಲಮಹಡಿಯ ಇಬ್ಬರು ವಾರ್ಡನ್‌ಗಳು ಎಲ್ಲಕ್ಕಿಂತ ಮೊದಲು ಮಕ್ಕಳನ್ನು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಟು, ಮೆಟ್ಟಿಲ ತಿರುವಿನ ಕಿಟಕಿಯಿಂದ ಕಾಣುವ ಬೇವಿನ ಮರದ ಕೆಳಗೆ ನಿಲ್ಲಬೇಕು. ತಾಯಂದಿರಿಗೆ ತಿರುವಿನಲ್ಲಿ ಒಮ್ಮೆ ಹೊರಗೆ ನೋಡಿ ಎಂದಷ್ಟೇ ಹೇಳಿದೆವು. ಮಗು ಕಂಡ ಮೇಲೆ ಅವರ ಕಾಲು ತಾನಾಗಿ ಹೊರಬಾಗಿಲ ಕಡೆ ತಿರುಗಿತು. ಆರನೇ ಡ್ರಿಲ್ ಹೊತ್ತಿಗೆ ಕಟ್ಟಡ ಮೂರು ನಿಮಿಷದೊಳಗೆ ಖಾಲಿಯಾಗುತ್ತಿತ್ತು. ಅದರಲ್ಲಿ ಹೆಚ್ಚಿನ ಪಾಲು ಈ ಒಂದು ಬದಲಾವಣೆಯದೇ.

ಶೌಚಾಲಯ ನೋಡುವ ಕೆಲಸಕ್ಕೆ ಹೆಂಗಸರನ್ನೇ ನೇಮಿಸಿ, ಪ್ರತಿ ಬಾಗಿಲು ತಟ್ಟಿ, ಖಾಲಿಯೆಂದು ಖಚಿತವಾದ ಮೇಲೆ ಹೊರಗಿನ ಚಿಲಕಕ್ಕೆ ಹಳದಿ ಟ್ಯಾಗ್ ಸಿಕ್ಕಿಸಿ ಬರುವ ಪದ್ಧತಿ ಮಾಡಿದೆವು. ಕಿವಿ ಕೇಳದ ಒಬ್ಬ ಚೆಕ್ಕರ್‌ಗೆ ಪಕ್ಕದ ಟೇಬಲಿನವರು ಭುಜ ಮುಟ್ಟಿ ಹೇಳುವ ಜೊತೆಗಾರ್ತಿಯಾದರು.

2019ರ ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಹೂಟರ್ ನಿಜಕ್ಕೂ ಕೂಗಿತು. ಮೊದಲ ಮಹಡಿಯ ಫಿನಿಶಿಂಗ್‌ನಲ್ಲಿ ಬಟ್ಟೆಗೆ ಅಂಟಿದ ದಾರದ ಚೂರುಗಳನ್ನು ಹೀರುವ ಯಂತ್ರದ ಮೋಟಾರ್ ಸುಟ್ಟು, ಅದರ ಚೀಲದಲ್ಲಿ ತುಂಬಿದ್ದ ನೂಲಿನ ಧೂಳು ಹೊತ್ತಿಕೊಂಡಿತ್ತು. ಉರಿ ಚಿಕ್ಕದು, ಹೊಗೆ ಬಹಳ. ವಾರ್ಡನ್ ಅಕ್ಕ ಗಾಜು ಒತ್ತಿದರು, ನಮ್ಮ ಎಲೆಕ್ಟ್ರಿಷಿಯನ್ ಕರೆಂಟ್ ತೆಗೆದು ಎರಡು ಪೌಡರ್ ಸಿಲಿಂಡರುಗಳಲ್ಲಿ ನಂದಿಸಿದರು, ಅಷ್ಟರಲ್ಲಿ 101ಕ್ಕೂ ಕರೆ ಹೋಗಿತ್ತು. ಹೊರಗೆ ಎಲ್ಲರೂ ಬಂದು ಸೇರುವ ಅಸೆಂಬ್ಲಿ ಪಾಯಿಂಟ್‌ನಲ್ಲಿ ಟೋಕನ್ ನಂಬರ್ ಕೂಗಿದಾಗ ಐದನೇ ಲೈನಿನಲ್ಲಿ ಒಬ್ಬರು ಕಡಿಮೆ. ಒಳಗೆ ಹೋಗಿ ಹುಡುಕುತ್ತೇನೆಂದು ಇಬ್ಬರು ಯುವಕರು ಹೊರಟರು. ಶೌಚಾಲಯ ನೋಡಿ ಬಂದಿದ್ದ ಹೆಲ್ಪರ್ ಅವರ ದಾರಿಗೆ ಅಡ್ಡ ನಿಂತು, “ನಾಲ್ಕಕ್ಕೂ ಟ್ಯಾಗ್ ಹಾಕಿದ್ದೀನಿ, ಲೈನೂ ಖಾಲಿ ಇತ್ತು, ಒಳಗೆ ಯಾರೂ ಇಲ್ಲ, ಹೋಗಬೇಡ್ರಪ್ಪ” ಎಂದರು. ಹತ್ತು ನಿಮಿಷದ ನಂತರ ತಿಳಿದದ್ದು, ಆ ಟೈಲರ್ ಮಧ್ಯಾಹ್ನವೇ ಜ್ವರವೆಂದು ಗೇಟ್ ಪಾಸ್ ಪಡೆದು ಮನೆಗೆ ಹೋಗಿದ್ದರು. ಪಾಸಿನ ಪುಸ್ತಕ ಮಾತ್ರ ಒಳಗಿನ ಕೌಂಟರಿನ ಡ್ರಾಯರಿನಲ್ಲೇ ಉಳಿದಿತ್ತು. ಮರುದಿನದಿಂದ ಆ ಪುಸ್ತಕವನ್ನು ಹೊರಗೇಟಿನ ಕಾವಲುಗಾರರ ಮೊಳೆಗೆ ಹಗ್ಗದಲ್ಲಿ ಕಟ್ಟಿ ತೂಗುಹಾಕಿದೆವು, ಹೂಟರ್ ಕೂಗಿದಾಗ ಅದನ್ನು ಕತ್ತಿಗೆ ಹಾಕಿಕೊಂಡು ಬರುವುದು ಅವರ ಕೆಲಸವೆಂದು, ಹೂಟರ್ ಕೂಗಿದಾಗ ಯಾರು ಏನು ಮಾಡಬೇಕೆಂಬ ನಮ್ಮ ಪಟ್ಟಿಗೆ ಹದಿನೇಳನೇ ಸಾಲಾಗಿ ಸೇರಿಸಿದೆ.