ನಂಬಿಕೆ ಇಲ್ಲದವರು ಎಡೆ ಇಡುವುದು ಹೇಗೆ?

ಸತ್ತವರು ಬಂದು ಊಟ ಮಾಡುತ್ತಾರೆ ಅನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ. ಆದರೂ ಏಳು ವರ್ಷದಿಂದ ಅಪ್ಪನಿಗೆ ಎಡೆ ಇಡುತ್ತಿದ್ದೇನೆ. ನಿಮ್ಮದೂ ಇದೇ ಕಥೆಯಾಗಿದ್ದರೆ, ನಾನು ಮಾಡುವ ರೀತಿ ಹೇಳುತ್ತೇನೆ ಕೇಳಿ.

ಭಾದ್ರಪದ ಬಹುಳದ ಹದಿನೈದು ದಿನ ಪಿತೃಪಕ್ಷ. ಮಂಡ್ಯ ಕಡೆಯ ನಮ್ಮ ಮನೆತನದಲ್ಲಿ ಕೊನೆಯ ದಿನ, ಮಹಾಲಯ ಅಮಾವಾಸ್ಯೆಗೆ ಎಡೆ. ಸರ್ಕಾರಿ ರಜೆಯೂ ಇರುತ್ತದೆ. (2025ರಲ್ಲಿ ಸೆಪ್ಟೆಂಬರ್ 21ರ ಭಾನುವಾರ ಬಂದು ಒಂದು ರಜೆ ಹೋಯಿತು ಅನ್ನಿ.)

ಒಲೆ ಹಚ್ಚುವ ಮುಂಚೆ ಒಂದು ಪಟ್ಟಿ ಮಾಡಿ. ಸುಮ್ನೆ ‘ಸಿಹಿ’ ಎಂದು ಬರೆದರೆ ಆಗಲ್ಲ. ಯಾವ ಸಿಹಿ? ಅಪ್ಪನಿಗೆ ಕಜ್ಜಾಯ, ಅದೂ ಅಂಚು ಸ್ವಲ್ಪ ಕಪ್ಪಾಗಿದ್ದರೇ ಇಷ್ಟ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ನೆನಪಾಗದಿದ್ದರೆ ಮನೆಯ ಹಿರಿಯರಿಗೆ ಫೋನ್ ಮಾಡಿ. ಆ ಫೋನ್ ಬೇಗ ಮುಗಿಯಲ್ಲ, ಬಿಡುವು ಮಾಡಿಕೊಂಡೇ ಮಾಡಿ.

ಉಪ್ಪಿನ ಬಗ್ಗೆ ಒಂದು ಮಾತು. ಕೊನೆಯ ಮೂರು ವರ್ಷ ಅಪ್ಪನಿಗೆ ಬಿಪಿ. ಉಪ್ಪು ಕಮ್ಮಿ ಹಾಕಿ ಹಾಕಿ ನನಗೆ ಅದೇ ಕೈ ಅಳತೆಯಾಗಿತ್ತು. ಮೊದಲ ವರ್ಷ ಎಡೆಯ ಸಾರಿಗೂ ಹಾಗೇ ಹಾಕಿದ್ದೆ. ಎಡೆಗೆ ಮುಂಚೆ ರುಚಿ ನೋಡುವಂತಿಲ್ಲ, ಅಲ್ವಾ? ಗೊತ್ತೇ ಆಗಲಿಲ್ಲ. ಆಮೇಲೆ ಊಟಕ್ಕೆ ಕೂತ ಚಿಕ್ಕಮ್ಮ ಒಂದು ತುತ್ತು ಬಾಯಿಗಿಟ್ಟು, “ಸತ್ತ ಮೇಲೂ ನಿಮ್ಮಪ್ಪಂಗೆ ಪಥ್ಯ ಮಾಡಿಸ್ತೀಯಲ್ಲೇ!” ಅಂದರು. ನಗುತ್ತಾ ಅತ್ತುಬಿಟ್ಟೆ. ಈಗ ಉಪ್ಪು ಹಳೇ ಅಪ್ಪನ ಲೆಕ್ಕಕ್ಕೇ ಬೀಳುತ್ತದೆ.

ಉಳಿದದ್ದು ಸುಲಭ. ಗೋಡೆಗೆ ಫೋಟೋ ಒರಗಿಸಿ ಹೂವು ಹಾಕಿ. ಪಕ್ಕದಲ್ಲಿ ಹೊಸ ಪಂಚೆ, ಟವೆಲ್. ಮುಂದೆ ಬಾಳೆಲೆ ಹಾಕಿ ಎಲ್ಲ ಬಡಿಸಿ, ಲೋಟದಲ್ಲಿ ನೀರಿಡಿ. ದೀಪ ಹಚ್ಚಿ, ಕಾಯಿ ಒಡೆದು, ಕೆಂಡಕ್ಕೆ ಸಾಂಬ್ರಾಣಿ ಹಾಕಿ. ಫ್ಲ್ಯಾಟಿನಲ್ಲಿದ್ದರೆ ಕಿಟಕಿ ತೆಗೆದಿಡಿ. ಕೈಮುಗಿದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ. ಹತ್ತು ನಿಮಿಷ ಸಾಕು.

ಆ ಹತ್ತು ನಿಮಿಷ ನನಗೆ ಪರಲೋಕವನ್ನೇ ಒಪ್ಪದ ಹಳೇ ಕಾಲದ ನಾಸ್ತಿಕರು, ಚಾರ್ವಾಕರು ನೆನಪಾಗುತ್ತಾರೆ. ಇಲ್ಲಿಟ್ಟ ಅನ್ನ ಸತ್ತವರಿಗೆ ಮುಟ್ಟುವುದಾದರೆ ಊರಿಗೆ ಹೊರಟವನಿಗೆ ಬುತ್ತಿ ಯಾಕೆ, ಮಹಡಿ ಮೇಲಿರುವವನಿಗೆ ಕೆಳಗೇ ಬಡಿಸಬಹುದಲ್ಲ ಎಂದು ಕೇಳಿದವರು ಅವರು. ಪ್ರಶ್ನೆ ಸರಿಯಾಗೇ ಇದೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅಪ್ಪ ಉಣ್ಣುವಾಗ ಯಾರಾದರೂ ನೋಡುತ್ತಾ ನಿಂತರೆ ರೇಗುತ್ತಿದ್ದರು. ಹಾಗಾಗಿ ಬಾಗಿಲು ಮುಚ್ಚಿರುವುದೇ ಸರಿ ಅನ್ನಿಸುತ್ತದೆ. ತೆಗೆಯುವ ಮುಂಚೆ ಚಿಕ್ಕಮ್ಮ ಒಮ್ಮೆ ಕೆಮ್ಮುತ್ತಾರೆ. ಅವರು ಬರದ ವರ್ಷ ನಾನೇ ಕೆಮ್ಮುತ್ತೇನೆ.

ಎಲ್ಲದರಲ್ಲೂ ಒಂದೊಂದು ತುತ್ತು ತೆಗೆದು ತಾರಸಿಯಲ್ಲಿ ಕಾಗೆಗೆ ಇಡಿ. ಬೆಂಗಳೂರಿನ ನಮ್ಮ ತಾರಸಿಗೆ ಪಾರಿವಾಳಗಳೇ ಜಾಸ್ತಿ, ಅವು ಬೋಟಿ ಮುಟ್ಟಲ್ಲ. ಸ್ವಲ್ಪ ಕಾಯಬೇಕು. ಬೀಡಿ ಕಟ್ಟು ನಮ್ಮ ವಾಚ್‌ಮನ್‌ಗೆ ಹೋಗುತ್ತದೆ. ಗಣೇಶನ ಹಬ್ಬ ಮುಗಿದರೆ ಸಾಕು, “ಅಮಾವಾಸ್ಯೆ ಯಾವತ್ತು ಮೇಡಂ?” ಎಂದು ಅವರೇ ಕೇಳುತ್ತಾರೆ.